ನಗು ಬಂದ ಜಾಗ

ಅರಸೀಕೆರೆಯ ಟಾಕೀಸಿನ ಬಾಗಿಲಲ್ಲಿ ಆ ಬೆಳಿಗ್ಗೆ ಜನ ಚಪ್ಪಲಿ ಬಿಟ್ಟು ಒಳಗೆ ಹೋದರು. ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದ ಕೊಬ್ಬರಿ ವರ್ತಕ ಜಯದೇವಪ್ಪ ಬಿಟ್ಟರು, ಹಿಂದಿನವರು ಅವರನ್ನು ನೋಡಿ ಬಿಟ್ಟರು. ಆಮೇಲೆ ಬಂದವರಿಗೆ ಆ ಚಪ್ಪಲಿಯ ಸಾಲು ಕಂಡು ಕಾಲು ತಾನಾಗಿ ನಿಂತಿತು.

ಒಳಗೆ ಮುಂದಿನ ಸಾಲಿನ ನಡುವೆ ರೇವಣಸಿದ್ದಪ್ಪನವರು ಕೂತಿದ್ದರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಬಿಳಿಯ ಶಲ್ಯ. ಒಬ್ಬನೇ ಮಗ ಚಿದಂಬರ ಲಿಂಗೈಕ್ಯನಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯ ಕೊಬ್ಬರಿ ಮಂಡಿಯ ಕೆಲಸ ಮುಗಿಸಿ ಸಂಜೆ ನಾಟಕದ ತಾಲೀಮಿಗೆ ಓಡುತ್ತಿದ್ದ ಹುಡುಗ ಅವನು. ನಲವತ್ತು ದಾಟಿದ ಮೇಲೆ ಅವನಿಗೆ ಒಂದು ಸಿನಿಮಾದಲ್ಲಿ ಪಾತ್ರ ಸಿಕ್ಕಿತ್ತು. ಹಗರೆಯ ಶರತ್ಚಂದ್ರ ಎಂಬ ನಿರ್ದೇಶಕ ಹಳೇಬೀಡಿನ ಸುತ್ತ ತೆಗೆದ ನಗೆಚಿತ್ರ. ಲೆಕ್ಕ ಬಾರದ ಕೊಬ್ಬರಿ ಸಾಹುಕಾರನ ಪಾತ್ರ. ಚಿತ್ರೀಕರಣ ಮುಗಿದು ಮಳೆಗಾಲ ಕಳೆಯುವುದರೊಳಗೆ ತಲೆಯೊಳಗಿನ ಗಡ್ಡೆ ಅವನನ್ನು ತೆಗೆದುಕೊಂಡು ಹೋಯಿತು. ತೋಟದಲ್ಲಿ ಅವನನ್ನು ಕೂರಿಸಿ ಮಣ್ಣು ಮಾಡಿದ ದಿನ ಶರತ್ಚಂದ್ರ ಬಂದು ಅತ್ತಿದ್ದ. ಚಿತ್ರ ಬಿಡುಗಡೆಗೆ ಮುಂಚೆ ಮೊದಲ ಪ್ರದರ್ಶನ ಅರಸೀಕೆರೆಯಲ್ಲೇ ಎಂದು ಅವತ್ತೇ ಮಾತು ಕೊಟ್ಟಿದ್ದ.

ಜಿಲ್ಲೆಯ ಜನ ಈ ಚಿತ್ರಕ್ಕಾಗಿ ಕಾದಿದ್ದರು. ನಮ್ಮ ಊರು, ನಮ್ಮ ಮಾತು, ಹೊಟ್ಟೆ ಹುಣ್ಣಾಗುವಷ್ಟು ನಗು ಎಂದು ಮೊಬೈಲುಗಳಲ್ಲೆಲ್ಲ ಸುದ್ದಿ ಹರಿದಿತ್ತು. ನಿರ್ಮಾಪಕ ಯುವರಾಜ್ ಬೆಂಗಳೂರಿನಿಂದ ಬಂದವನು. ಪರದೆಗೆ ಬೆನ್ನು ಮಾಡಿ, ಪಕ್ಕದ ಗೋಡೆಗೆ ಒರಗಿ, ಜನರ ಮುಖವನ್ನೇ ನೋಡುತ್ತಾ ನಿಂತ. ಕೂತ್ಕೊಳ್ಳಿ ಸಾರ್ ಎಂದು ಯಾರೋ ಜಾಗ ತೋರಿಸಿದರೆ, “ಪಿಚ್ಚರ್ ನಾನು ಸಾಕಾಗೋವಷ್ಟು ನೋಡಿದೀನಿ. ನಿಮ್ಮನ್ನ ನೋಡೋಕೆ ಬಂದಿರೋದು” ಎಂದ.

ದೀಪ ಆರಿತು. ಚಿದಂಬರ ಪರದೆಯ ಮೇಲೆ ಬಂದ. ಕಿವಿಯಲ್ಲಿ ಪೆನ್ನು, ಕೈಯಲ್ಲಿ ಕೊಬ್ಬರಿ, ಅದೇ ಅವಸರದ ನಡಿಗೆ. ರೇವಣಸಿದ್ದಪ್ಪನವರು ಮಗನ ಮುಖವನ್ನು ಒಂದು ಗಳಿಗೆ ನೋಡಿದರು. ಅಷ್ಟೇ. ಕನ್ನಡಕದ ಹಿಂದೆ ಕಣ್ಣು ತುಂಬಿಕೊಂಡಿತು, ಉಳಿದದ್ದೆಲ್ಲ ಬೆಳಕು ನೆರಳಾಗಿ ಹೋಯಿತು. ಕೊನೆಯವರೆಗೆ ಅವರು ಮಗನ ದನಿಯನ್ನು ಕೇಳಿದರೇ ಹೊರತು ಏನನ್ನೂ ನೋಡಲಿಲ್ಲ. ಸುತ್ತಲೂ ಮಠದಲ್ಲಿ ಪ್ರವಚನ ನಡೆಯುವಾಗಿನಂಥ ಮೌನ. ಚಿತ್ರ ಮುಗಿದಾಗ ಜನ ಒಬ್ಬೊಬ್ಬರಾಗಿ ಬಂದು ಅವರಿಗೆ ಕೈ ಮುಗಿದು ಹೋದರು.

ಯುವರಾಜನ ಮುಖ ಬಾಡಿತ್ತು. ಹೊರಗೆ ಟೀ ಅಂಗಡಿಯ ಮುಂದೆ ಶರತ್ಚಂದ್ರನನ್ನು ನಿಲ್ಲಿಸಿಕೊಂಡು ಹೇಳಿದ್ದು ರೇವಣಸಿದ್ದಪ್ಪನವರ ಕಿವಿಗೂ ಬಿತ್ತು.

“ಸ್ವಂತ ಊರಿನೋರೇ ನಗಲಿಲ್ಲ ಅಂದ್ರೆ ಹುಬ್ಬಳ್ಳಿಯೋನು ನಗ್ತಾನಾ? ಆ ಸಾಹುಕಾರನ ಸೀನ್ ಬಂದಾಗಂತೂ ಹಾಲ್ ಇನ್ನೂ ತಣ್ಣಗಾಗೋಯ್ತು ಕಣೋ. ಅವನ ಮೂರೂ ಸೀನ್ ತೆಗಿ. ಸಂತೆ ಗುಂಪಲ್ಲಿ ನಿಂತಿರೋದು ಒಂದು ಇರಲಿ ಸಾಕು.”

“ಅವನು ಸತ್ತಿದಾನೆ ಸಾರ್.”

“ಅದಕ್ಕೆ ಟೈಟಲ್‌ನಲ್ಲಿ ಫೋಟೋ ಹಾಕೋಣ.”

ರೇವಣಸಿದ್ದಪ್ಪನವರು ಮನೆಗೆ ಬಂದು ಪೂಜೆಗೆ ಕೂತರು. ಅಂಗೈಯ ಮೇಲಿನ ಲಿಂಗದಲ್ಲಿ ದೃಷ್ಟಿ ನಿಲ್ಲಲಿಲ್ಲ. ಮಗನನ್ನು ಒಮ್ಮೆ ಮಣ್ಣಿನೊಳಗೆ ಇಟ್ಟು ಬಂದದ್ದಾಗಿದೆ, ಈಗ ಇನ್ನೊಮ್ಮೆ ಕಳುಹಿಸಬೇಕೇ ಎಂದು ಮನಸ್ಸು ಕುದಿಯಿತು. ಸೊಸೆ ಅರುಣಾ ಪ್ರದರ್ಶನಕ್ಕೆ ಬಂದಿರಲಿಲ್ಲ. ಎಲ್ಲರ ನಡುವೆ ನೋಡಲಾರೆ, ಬಿಡುಗಡೆಯಾದ ಮೇಲೆ ಒಂದು ದಿನ ಹಿಂದಿನ ಸಾಲಿನಲ್ಲಿ ಕೂತು ನೋಡಿ ಬರುತ್ತೇನೆ ಎಂದಿದ್ದಳು. ಅವಳಿಗೆ ಏನೆಂದು ಹೇಳುವುದು?

ಮರುದಿನ ಜಯದೇವಪ್ಪ ಮಂಡಿಗೆ ಬಂದರು. ಬರುತ್ತಲೇ ದೊಡ್ಡ ಉಪಕಾರ ಮಾಡಿದವರ ದನಿ.

“ನೋಡಿದ್ಯಾ ಸಿದ್ದಪ್ಪಣ್ಣ, ನಮ್ಮ ಜನ ಎಷ್ಟು ಗಂಭೀರವಾಗಿ ಕೂತಿದ್ರು? ಒಬ್ಬನಾದ್ರೂ ಹಲ್ಲು ಬಿಟ್ಟನಾ ಹೇಳು! ಬಾಗಿಲಲ್ಲೇ ನಿಂತು ಎಲ್ಲರಿಗೂ ಹೇಳಿ ಒಳಗೆ ಬಿಟ್ಟೆ.”

“ಏನಂತ ಹೇಳಿದೆ?”

“ಹಿರಿಯರು ಮುಂದೆ ಕೂತವ್ರೆ, ವರ್ಷ ಕಳೆದಿಲ್ಲ, ಕಿಸಕ್ ಅಂದೀರಾ ಜೋಕೆ ಅಂತ. ನನಗೇ ಒಂದು ಕಡೆ ತಡೀಲಿಲ್ಲ ಕಣಣ್ಣ. ಶಲ್ಯ ಬಾಯಿಗೆ ತುರುಕಿಕೊಂಡು ಕೂತಿದ್ದೆ. ನಮ್ಮ ಗಿಡ್ಡಯ್ಯ ಅಂತೂ ಉಚ್ಚೆ ನೆವ ಹೇಳಿ ಹೊರಗೆ ಹೋಗಿ ನಕ್ಕು ಬಂದ.”

ರೇವಣಸಿದ್ದಪ್ಪನವರಿಗೆ ಜಯದೇವಪ್ಪನ ಮೇಲೆ ಸಿಟ್ಟು ಬರಲಿಲ್ಲ. ಸಾವಿನ ಮನೆಯ ಹಿರಿಯನ ಎದುರು ನಗಬಾರದು ಎಂಬುದನ್ನು ಅವರೇ ಎಷ್ಟೋ ಕಿರಿಯರಿಗೆ ಗದರಿಸಿ ಕಲಿಸಿದ್ದರು. ಟಾಕೀಸಿನಲ್ಲಿ ಯುವರಾಜ್ ಅಳೆದದ್ದು ಚಿತ್ರವನ್ನಲ್ಲ, ತಮ್ಮ ಬೆನ್ನಿನ ಹಿಂದೆ ಕೂತ ಜನರ ಮರ್ಯಾದೆಯನ್ನು ಎಂದು ಅವರಿಗೆ ಹೊಳೆಯಿತು. ಅಲ್ಲೇ ಕೂತು ಶರತ್ಚಂದ್ರನಿಗೆ ಫೋನ್ ಮಾಡಿಸಿದರು.

“ಇನ್ನೊಂದು ಸಲ ತೋರಿಸಪ್ಪಾ. ನಮ್ಮ ಗುರುತು ಇಲ್ಲದ ಕಡೆ. ನಾನು ಒಳಗೆ ಬರಲ್ಲ.”

ಯುವರಾಜ್ ಗೊಣಗಿ ಕೊನೆಗೆ ಒಪ್ಪಿದ. ಬೇಲೂರಿನಲ್ಲಿ ಒಂದು ಬೆಳಗಿನ ಆಟ. ಅಲ್ಲಿಯೂ ನಗದಿದ್ದರೆ ಮತ್ತೆ ಮಾತಿಲ್ಲ ಎಂದ.

ಹಳೇಬೀಡಿನ ಮೇಲೆ ಹೋಗುವ ಬಸ್ಸಿನಲ್ಲಿ ರೇವಣಸಿದ್ದಪ್ಪನವರು ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಪಂಚಾಕ್ಷರಿ ಜಪಿಸಿದರು. ಮಗನಿಗಾಗಿ ಬೇಡಿದ್ದು ಒಂದೂ ನಡೆದಿರಲಿಲ್ಲ. ಆದರೂ ಬಾಯಿಗೆ ಬೇರೆ ಮಾತು ಗೊತ್ತಿರಲಿಲ್ಲ. ಜನ ನಗಲಿ ತಂದೆ, ಅಷ್ಟು ಸಾಕು, ಇನ್ನೇನೂ ಕೇಳಲಾರೆ ಎಂದರು.

ಬೇಲೂರಿನ ಟಾಕೀಸಿನಲ್ಲಿ ಜನ ಚಪ್ಪಲಿ ಹಾಕಿಕೊಂಡೇ ನುಗ್ಗಿದರು, ಸೀಟಿಗೆ ಜಗಳವಾಡಿದರು, ದೀಪ ಆರುತ್ತಲೇ ಸಿಳ್ಳೆ ಹೊಡೆದರು. ರೇವಣಸಿದ್ದಪ್ಪನವರಿಗೆ ಆ ಗದ್ದಲ ಹಿತವಾಯಿತು. ಬಾಗಿಲು ಕಾಯುವ ಹುಚ್ಚಣ್ಣ ಅವರಿಗೊಂದು ಸ್ಟೂಲು ತಂದು ಕೊಟ್ಟ.

“ಒಳಿಕ್ ಹೋಗಿ ಸ್ವಾಮಿ, ಪುಕ್ಕಟೆ ಐತೆ ಇವತ್ತು.”

“ಇಲ್ಲೇ ಇರ್ತೀನಪ್ಪಾ. ಕೇಳಿಸುತ್ತೆ.”

“ಪಿಚ್ಚರ್ ಕೇಳಾಕೆ ಬಂದೋರಲ್ಲಿ ನಿಮ್ಮನ್ನೇ ಮೊದಲು ನೋಡಿದ್ದು” ಎಂದು ಅವನು ಬಾಗಿಲ ಸಂದಿಗೆ ಕಣ್ಣಿಟ್ಟ.

ಒಳಗೆ ನಗು ಶುರುವಾಯಿತು. ಯಾರೋ ಬೇರೆ ನಟನ ಮಾತಿಗೆ, ಮತ್ತೆ ಇನ್ಯಾರದೋ ಮಾತಿಗೆ. ಆಮೇಲೆ ಚಿದಂಬರನ ದನಿ ಬಂತು. ಕೊಬ್ಬರಿ ಲೆಕ್ಕ ತಪ್ಪುವ ಮಾತು. ಮನೆಯಲ್ಲಿ ಅವನು ಅದನ್ನು ಕನ್ನಡಿಯ ಮುಂದೆ ಹೇಳಿಕೊಂಡು ಅರುಣಾಳನ್ನು ನಗಿಸುತ್ತಿದ್ದ. ಅವರು ಬಾಗಿಲಿನತ್ತ ಕಿವಿ ಕೊಟ್ಟರು. ನಗು ಬರಲಿಲ್ಲ. ಯಾರೋ ಕೆಮ್ಮಿದರು. ಸ್ವಲ್ಪ ಹೊತ್ತಿನ ಮೇಲೆ ಅವನ ದನಿ ಮತ್ತೆ ಬಂತು. ಹಿಂದಿನ ಸಾಲಿನಿಂದ ಒಬ್ಬಿಬ್ಬರು ನಕ್ಕಂತಾಯಿತು, ಅದೂ ಅಲ್ಲಿಗೇ ಆರಿತು. ಇಲ್ಲಿ ತಡೆಯುವವರು ಯಾರೂ ಇರಲಿಲ್ಲ. ಅರಸೀಕೆರೆಯ ಮೌನದಲ್ಲಿ ಎಲ್ಲವೂ ಮರ್ಯಾದೆಯೇ ಆಗಿರಲಿಲ್ಲ ಎಂಬುದು ಮೆಲ್ಲಗೆ ಅವರೊಳಗೆ ಇಳಿಯಿತು. ಶಲ್ಯದ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತರು.

ಆಗ ಟಾಕೀಸು ಬಿದ್ದು ಹೋಗುವಂತೆ ನಗು ಎದ್ದಿತು. ನಿಲ್ಲುವಂತೆ ತೋರಿ ಮತ್ತೆ ಎದ್ದಿತು. ಚಪ್ಪಾಳೆ, ಸಿಳ್ಳೆ. ಹುಚ್ಚಣ್ಣ ತೊಡೆ ತಟ್ಟಿಕೊಂಡು ನಗುತ್ತಿದ್ದ.

“ಯಾವ ಸೀನಪ್ಪಾ ಅದು?”

“ಅದೇ ಸ್ವಾಮಿ, ಕೊಬ್ರಿ ಸಾವ್ಕಾರ ಬೀಳ್ತಾನಲ್ಲ! ಮೂಟೆ ಪಕ್ಕ ನಡ್ಕಂಡ್ ಬತ್ತಾ ಬತ್ತಾ ದುಬಕ್ ಅಂತ. ಎಂಗ್ ಬೀಳ್ತಾನೆ ಅಂತೀರಾ, ಕಾಲೇ ಇಲ್ದೋನಂಗೆ! ಆ ಎಡಗಾಲು ಅವನದೇ ಅಲ್ಲ ಅನ್ನಂಗ್ ಮಾಡ್ತಾನೆ ನನ್ಮಗ.”

ರೇವಣಸಿದ್ದಪ್ಪನವರ ಕೈ ನಿಂತಿತು. ಬಸ್ತಿಹಳ್ಳಿಯ ಹತ್ತಿರ ಚಿತ್ರೀಕರಣ ಮುಗಿಸಿ ಒಂದು ಸಂಜೆ ಚಿದಂಬರ ಕುಂಟುತ್ತಾ ಮನೆಗೆ ಬಂದಿದ್ದ. ಕಾಲು ಮಾತು ಕೇಳಲಿಲ್ಲ ಅಪ್ಪಾ, ಎಲ್ಲರ ಮುಂದೆ ಬಿದ್ದುಬಿಟ್ಟೆ ಎಂದಿದ್ದ. ಅರುಣಾ ಎಣ್ಣೆ ಬಿಸಿ ಮಾಡಿ ಎಡಗಾಲಿಗೆ ತಿಕ್ಕಿದ್ದಳು. ತಲೆಯೊಳಗಿನದು ಮೊದಲು ಮುಖ ತೋರಿಸಿದ್ದು ಅವತ್ತೇ.

ಮಧ್ಯಂತರದಲ್ಲಿ ಯುವರಾಜ್ ಕುಣಿಯುತ್ತಲೇ ಬಂದ. “ಯಜಮಾನ್ರೇ, ಬಚಾವಾದ್ರಿ! ಎರಡು ತೆಗೀತೀವಿ, ಆದ್ರೆ ಬೀಳೋ ಸೀನ್ ಇರುತ್ತೆ. ಇರೋದೇನು, ಟ್ರೇಲರ್‌ಗೂ ಅದೇ. ನಿಮ್ಮ ಮಗ ಮನೆಮನೆಗೂ ಹೋಗ್ತಾರೆ ನೋಡ್ತಿರಿ” ಎಂದು ಅವರ ಕೈ ಕುಲುಕಿ ಒಳಗೆ ಹೋದ.

ಶರತ್ಚಂದ್ರ ನಿಂತೇ ಇದ್ದ. “ಅದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ ಅಪ್ಪಾಜಿ. ಅವನೇ ಹಾಕಿದ್ದು.”

“ಅವನು ಹಾಕಿದ್ದಲ್ಲಪ್ಪಾ. ಕಾಯಿಲೆ ಹಾಕಿದ್ದು.”

ಶರತ್ಚಂದ್ರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ, “ತೆಗೆಸ್ತೀನಿ. ಇವತ್ತೇ ತೆಗೆಸ್ತೀನಿ” ಎಂದ. ತೆಗೆಸಿದರೆ ಉಳಿಯುವುದೇನೆಂದು ಇಬ್ಬರಿಗೂ ಗೊತ್ತಿತ್ತು. ಗುಂಪಿನಲ್ಲಿ ನಿಂತ ಒಂದು ಮುಖ, ಒಂದು ಫೋಟೋ. ರೇವಣಸಿದ್ದಪ್ಪನವರು, “ನನಗೊಂದು ಸಲ ತೋರಿಸು” ಎಂದರು.

ಆಟ ಮುಗಿದು ಜನ ಹೋದ ಮೇಲೆ ಖಾಲಿ ಟಾಕೀಸಿನಲ್ಲಿ ಆ ದೃಶ್ಯವನ್ನು ಮತ್ತೆ ಬಿಟ್ಟರು. ಅವರು ಕನ್ನಡಕ ಒರೆಸಿಕೊಂಡು ಈ ಸಲ ಕಣ್ಣು ತೆರೆದೇ ಕೂತರು. ಚಿದಂಬರ ನಡೆದು ಬರುತ್ತಾನೆ. ಎಡಗಾಲು ಹಿಂದೆ ಉಳಿಯುತ್ತದೆ. ದೇಹ ಮುಂದೆ ಹೋಗುತ್ತದೆ. ಬೀಳುತ್ತಾನೆ. ಬಿದ್ದಲ್ಲಿಂದ ತಲೆಯೆತ್ತಿ, ತನಗೇನಾಯಿತೆಂದು ತಿಳಿಯದ ಮುಖದಲ್ಲಿ ಕಾಲನ್ನು ನೋಡಿಕೊಳ್ಳುತ್ತಾನೆ. ಆಮೇಲೆ ಕ್ಯಾಮರಾದ ಹಿಂದೆ ಯಾರೋ ನಕ್ಕಿರಬೇಕು, ಅತ್ತ ತಿರುಗುತ್ತಾನೆ. ಭಯ ಹೋಗಿ ಮುಖ ಅರಳುತ್ತದೆ. ಎಷ್ಟೋ ವರ್ಷ ಬಣ್ಣ ಹಚ್ಚಿ, ಮಾತು ಉರುಹೊಡೆದು ಅವನು ಕಾದಿದ್ದ ಜನರ ನಗು ಅದು. ಎಲ್ಲಿಂದ ಬಂದರೇನೆಂದು ಅದನ್ನು ತೆಗೆದುಕೊಂಡುಬಿಟ್ಟಿದ್ದ.

“ಇರಲಿ” ಎಂದರು ರೇವಣಸಿದ್ದಪ್ಪನವರು.

“ಅಪ್ಪಾಜಿ, ಯೋಚನೆ ಮಾಡಿ.”

“ಇರಲಿ ಅಂದೆನಲ್ಲ.”

ಮನೆ ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಅರುಣಾ ಕಾಲಿಗೆ ನೀರು ಕೊಟ್ಟು ಪೂಜೆಗೆ ಅಣಿ ಮಾಡಿದಳು. ಬತ್ತಿ ಹೊಸೆಯುತ್ತಾ ಕೇಳಿದಳು.

“ನಕ್ಕರಾ ಮಾವ?”

“ನಕ್ಕರಮ್ಮ. ಬಹಳ ನಕ್ಕರು.”

“ಲೆಕ್ಕ ಹೇಳೋದಕ್ಕಾ? ನಾನು ಮೊದಲೇ ಹೇಳಿದ್ದೆ ಅವರಿಗೆ.”

ಹೌದು ಎಂದುಬಿಡಬಹುದಿತ್ತು. ಆದರೆ ಇನ್ನೆರಡು ವಾರಕ್ಕೆ ಆ ಬೀಳುವ ದೃಶ್ಯ ಪ್ರತಿಯೊಬ್ಬರ ಮೊಬೈಲಿನಲ್ಲಿ ಬರುತ್ತದೆ. ಮುಂದೆ ವಿಭೂತಿಯ ತಟ್ಟೆಯೂ ಇತ್ತು, ಸುಳ್ಳು ಹೇಳುವಂತಿರಲಿಲ್ಲ. “ಅದಕ್ಕಲ್ಲ. ಬೀಳ್ತಾನೆ ನೋಡು, ಅದಕ್ಕೆ.”

ಅವಳ ಕೈಯಲ್ಲಿ ಬತ್ತಿ ಅರ್ಧಕ್ಕೆ ನಿಂತಿತು.

“ಬಸ್ತಿಹಳ್ಳಿಲಿ ಬಿದ್ದಿದ್ದಾ?”

“ಹ್ಞೂಂ.”

“ಅದನ್ನ ಇಟ್ಟಿದಾರಾ?”

“ತೆಗೀತೀವಿ ಅಂದ್ರು. ನಾನೇ ಇರಲಿ ಅಂದೆ.”

ಅರುಣಾ ಅವರನ್ನು ನೋಡಿದಳು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಮಾವನ ಮುಖವನ್ನು ಅಷ್ಟು ಹೊತ್ತು ನೇರವಾಗಿ ನೋಡಿದವಳಲ್ಲ. ಬತ್ತಿಯನ್ನು ತಟ್ಟೆಯಲ್ಲಿಟ್ಟು, ಒಳಗೆ ಹೋಗಿ, ಕೋಣೆಯ ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡಳು.

ರೇವಣಸಿದ್ದಪ್ಪನವರು ಆ ಅರ್ಧ ಬತ್ತಿಯನ್ನೇ ಎಣ್ಣೆಗೆ ಹಾಕಿ ಹಚ್ಚಿದರು. ಲಿಂಗವನ್ನು ಅಂಗೈಗೆ ತಂದುಕೊಂಡರು. ಒಳಗಿನಿಂದ ಅಳು ಕೇಳಿಸೀತು, ಅವಳು ಅತ್ತು ಹಗುರಾದ ಮೇಲೆ ಮಂತ್ರ ಹೇಳೋಣ ಎಂದು ಕಾದರು. ಕೇಳಿಸಲಿಲ್ಲ.