ಎಣ್ಣೆ ಮಾಮ ಬಂದು ಹೋದ ಮನೆಗಳು

“ಇಳಿಬೇಡಿ ಅತ್ತಿಗೆ, ಗಾಡಿಯಿಂದ ದೂರ ನಿಲ್ಬೇಕಂತೆ” ಎಂದು ಮೈದುನ ಬಾಗಿಲಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವಳು ಅವನ ತೋಳಿನಡಿ ನುಸುಳಿ ಬೀದಿಗೆ ಇಳಿದಾಗಿತ್ತು.

ಬಿಳಿ ವ್ಯಾನು. ಹಿಂಬಾಗಿಲಿನ ಗಾಜಿನೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಉದ್ದನೆಯ ಗಂಟೊಂದು ಮಲಗಿತ್ತು. ಅದೇ ಅವಳ ಗಂಡ. ವಾರದ ಜ್ವರವನ್ನು ಮಾತ್ರೆ ನುಂಗಿ ನುಂಗಿ ಮುಚ್ಚಿಟ್ಟುಕೊಂಡು, ಮೊನ್ನೆ ಉಸಿರು ಸಿಗದೆ ಆಸ್ಪತ್ರೆಗೆ ಹೋದವನು ನಿನ್ನೆ ಸಂಜೆ ಇಲ್ಲವಾಗಿದ್ದ. ಬೀದಿಗೆಲ್ಲ ಅವನು ಎಣ್ಣೆ ಮಾಮ, ಹೊಲಿಗೆ ಯಂತ್ರಗಳಿಗೆ ಎಣ್ಣೆ ಬಿಟ್ಟು ರಿಪೇರಿ ಮಾಡುವವನು. ಆ ಬೀದಿಯಲ್ಲಿ ಮನೆಗೊಂದು ಯಂತ್ರ. ಮೊದಲೆಲ್ಲ ಅಂಗಿಗೆ ಒಬ್ಬಳು ತೋಳು ಹೊಲಿದರೆ, ಒಬ್ಬಳು ಕಾಲರು, ಒಬ್ಬಳು ಗುಂಡಿ. ಈಗ ಎಲ್ಲರದೂ ಮಾಸ್ಕು.

“ಬೇಗ ಅಮ್ಮ, ಇನ್ನೂ ಎರಡು ಕಡೆ ಹೋಗ್ಬೇಕು” ಎಂದ ಡ್ರೈವರು. ಇಂಜಿನ್ನನ್ನು ಅವನು ಆರಿಸಿಯೇ ಇರಲಿಲ್ಲ.

ಹೆಂಗಸರು ತಮ್ಮ ತಮ್ಮ ಹೊಸ್ತಿಲಿನ ಮೇಲೇ ನಿಂತಿದ್ದರು. ಹತ್ತಿರ ಬಂದು ಕೈ ಹಿಡಿಯುವಂತಿಲ್ಲ, ದೂರ ನಿಂತು ಅಳುವುದು ಅಭ್ಯಾಸವಿಲ್ಲ.

“ಮಾಮ ಈ ಬೀದಿ ದಾಟೋಕೆ ಅರ್ಧ ದಿನ ಬೇಕಾಗ್ತಿತ್ತು” ಎಂದಳು ಗುಂಡಿಯವಳು, ಮೂಗು ಒರೆಸಿಕೊಳ್ಳುತ್ತ. “ಇವತ್ತೇ ನೋಡು, ನಿಲ್ದೆ ಹೋಗ್ತಿರೋದು.”

“ನಿಲ್ದೆ ಎಲ್ಲಿ? ಗಾಡಿ ಗುರುಗುಡ್ತಾ ಇದೆ. ಟೀ ಆಗ್ಲಿ ಅಂತ ಕಾಯ್ತಿರ್ಬೇಕು” ಎಂದಳು ಪಕ್ಕದ ಮನೆಯವಳು. ಇಬ್ಬರೂ ನಕ್ಕು, ನಕ್ಕಿದ್ದಕ್ಕೆ ಹೆದರಿ, ಮತ್ತೆ ಅತ್ತರು.

ಅಷ್ಟರಲ್ಲಿ ಆರೋಗ್ಯ ಇಲಾಖೆಯ ಹುಡುಗಿ ಬಂದಳು. ತಲೆಯಿಂದ ಕಾಲವರೆಗೆ ನೀಲಿ ನಿಲುವಂಗಿ, ಮುಖಕ್ಕೆ ಪ್ಲಾಸ್ಟಿಕ್ಕಿನ ಪರದೆ.

“ಈ ಹೊತ್ತಲ್ಲಿ ಕೇಳ್ಬಾರ್ದು ಅಮ್ಮ, ಆದ್ರೂ ಕೇಳ್ಲೇಬೇಕು. ಹೋದ ವಾರ ಯಜಮಾನ್ರು ಯಾರ್ಯಾರ ಮನೆಗೆ ಹೋಗಿದ್ರು?”

“ಎಲ್ಲೂ ಇಲ್ಲ ಮೇಡಂ” ಎಂದು ಮೈದುನ ಮುಂದೆ ಬಂದ. “ಅಣ್ಣ ಮನೆ ಬಿಟ್ಟು ಅಲ್ಲಾಡೇ ಇಲ್ಲ.”

ಅಣ್ಣ ಮನೆಯಲ್ಲಿ ಕೂತಿದ್ದನೆಂದರೆ ಗಾಡಿಯೊಳಗಿದ್ದವನೇ ಎದ್ದು ನಕ್ಕಾನು. ಆದರೆ ಬೀದಿಯಲ್ಲಿ ಯಾರೂ ನಗಲಿಲ್ಲ. ಎದುರು ಮನೆಯ ತೋಳಿನವಳು ಗೋಡೆಗೆ ಒತ್ತಿಕೊಂಡೇ ಹತ್ತಿರ ಬಂದು ಪಿಸುಗುಟ್ಟಿದಳು.

“ಅಕ್ಕ, ನಮ್ಮನೆ ಹೇಳ್ಬೇಡ. ಬಾಗಿಲಿಗೆ ಕ್ವಾರಂಟೈನ್ ಪಟ್ಟಿ ಹೊಡೆದ್ರೆ ನಾನು ಹೊಲಿದ ಮಾಲು ಯಾರೂ ಮುಟ್ಟಲ್ಲ. ಅಮ್ಮಂಗೆ ಬರೀ ಶೀತ, ಆಣೆಗೂ ಬರೀ ಶೀತ. ಮಾಮನ ಹೆಸರಾದ್ರೂ ಯೋಚ್ನೆ ಮಾಡು. ಬೀದಿಗೆಲ್ಲ ಅವರೇ ರೋಗ ಹಚ್ಚಿದ್ರು ಅಂತಾರೆ.”

“ಹೋಗಿದ್ರೂ ಮಾಸ್ಕ್ ಹಾಕ್ಕೊಂಡಿದ್ರಾ?” ಎಂದಳು ಹುಡುಗಿ.

“ಹಾಕ್ಕೊಂಡೇ ಇರ್ತಿದ್ರು!” ಎಂದವು ಮೂರು ಹೊಸ್ತಿಲುಗಳು ಒಟ್ಟಿಗೆ.

ಮಾಮನ ಹೆಂಡತಿ ಎರಡು ಹೆಜ್ಜೆ ಗಾಡಿಯ ಕಡೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು.

*

ಹೋದ ವಾರ ಊಟ ಆರುತ್ತಿದೆಯೆಂದು ಗಂಡನನ್ನು ಹುಡುಕಿಕೊಂಡು ಅವಳು ಎದುರು ಮನೆಯ ಮಹಡಿ ಹತ್ತಿದ್ದಳು. ಅವನು ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ತೋಳಿನವಳ ತಾಯಿ ಮಂಚದಿಂದ ಬಗ್ಗಿ ಟಾರ್ಚು ಹಿಡಿದಿದ್ದಳು. ಅವನು ಮಾಸ್ಕನ್ನು ಗದ್ದಕ್ಕೆ ಎಳೆದು, ದಾರದುಂಡೆಯ ಪುಟ್ಟ ಡಬ್ಬಿಯನ್ನು ಹೊರತೆಗೆದು, ಅದು ಕೂರುವ ಗೂಡಿಗೆ ಬಾಯಿಟ್ಟು ‘ಉಫ್’ ಎಂದು ಊದಿದ. ಸಿಕ್ಕಿಕೊಂಡಿದ್ದ ನೂಲಿನ ಧೂಳು ಟಾರ್ಚಿನ ಬೆಳಕಿನಲ್ಲಿ ತೇಲಿ, ಮೇಲೆದ್ದು, ಮುದುಕಿಯ ಮುಖದ ಸುತ್ತ ಹರಡಿತು. ಅವಳು ಸೀನಿದಳು.

“ಏನಜ್ಜಿ, ನೆಗಡಿ ಯಂತ್ರಕ್ಕಾ ನಿಮಗಾ?” ಎಂದ ಅವನು. ಕೋಣೆಯಲ್ಲಿದ್ದವರೆಲ್ಲ ನಕ್ಕರು.

“ಆ ಬ್ರಷ್ಷು ಯಾವ ಚೆಂದಕ್ಕೆ ಇಟ್ಕೊಂಡಿದೀರಿ?” ಎಂದು ಹೆಂಡತಿ ರೇಗಿದಳು.

“ಬ್ರಷ್ಷು ಮೂಲೆಗೆ ಹೋಗಲ್ಲ ಕಣೇ. ಉಸಿರಾದ್ರೆ ಎಲ್ಲಾ ಕಡೆ ಹೋಗುತ್ತೆ.”

ಬೀದಿಗಿಳಿದ ಮೇಲೂ ಅವಳು ಬಿಡಲಿಲ್ಲ. “ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀರಾ? ಊರೇ ಬಾಗ್ಲು ಹಾಕ್ಕೊಂಡಿದೆ, ನಿಮಗೊಂದು ದಿನ ಕೂತ್ಕೊಳ್ಳೋಕೆ ಆಗಲ್ವಾ?”

“ಕೂತ್ಕೋತೀನಿ, ಕೂತ್ಕೋತೀನಿ. ಇದೊಂದು ಮನೆ” ಎಂದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಗುಂಡಿಯವಳ ಮೆಟ್ಟಿಲು ಹತ್ತಿಯೇಬಿಟ್ಟಿದ್ದ.

*

“ಹಾಕ್ಕೊಂಡಿರ್ಲಿಲ್ಲ” ಎಂದಳು ಅವಳು.

ಹೊಸ್ತಿಲ ಮೇಲಿದ್ದವರೆಲ್ಲ ಅವಳ ಕಡೆ ತಿರುಗಿದರು.

“ಯಂತ್ರದೊಳಗೆ ಊದುವಾಗ ಕೆಳಗೆ ಎಳೀತಿದ್ರು. ಹೋದ ಮನೇಲೆಲ್ಲ ಊದ್ತಿದ್ರು. ಈ ಸಾಲಲ್ಲಿ ಅವರು ಹೋಗ್ದೇ ಇರೋ ಮನೆ ಇಲ್ಲ. ಮೊದ್ಲು ಎದುರು ಮನೆ ಮಹಡಿ ನೋಡಮ್ಮ, ಅಲ್ಲಿ ವಯಸ್ಸಾದವರಿದ್ದಾರೆ.”

“ಗಂಡನ್ನ ಕಳ್ಕೊಂಡಿದ್ದು ಸಾಲ್ದು ಅಂತ ನಮ್ಮನೇನೂ ಹಾಳು ಮಾಡ್ತೀಯಾ?” ತೋಳಿನವಳ ದನಿ ಒಡೆದುಹೋಯಿತು. “ಬಾಯ್ತುಂಬ ಅಕ್ಕ ಅಂತಿದ್ದೆನಲ್ಲೇ ನಿನ್ನ!”

ಹುಡುಗಿ ಮಹಡಿ ಹತ್ತಿದಳು. ತೋಳಿನವಳು ಬೈಯುತ್ತಲೇ ಹಿಂದೆ ಓಡಿದಳು. ಬಾಗಿಲುಗಳು ಒಂದೊಂದೇ ಧಡ್ ಧಡ್ ಎಂದು ಮುಚ್ಚಿಕೊಂಡವು.

“ಏನು ಮಾಡ್ಬಿಟ್ರಿ ಅತ್ತಿಗೆ” ಎಂದ ಮೈದುನ. “ಅಣ್ಣನ ಕಳಿಸ್ಕೊಡೋಕೆ ಒಬ್ರೂ ಇಲ್ದಂಗಾಯ್ತು.”

“ನಾನಿದೀನಲ್ಲ. ನಡಿ, ಹೊರಡೋಣ.”

ವ್ಯಾನು ದೊಡ್ಡ ರಸ್ತೆಯ ಕಡೆಗೆ ಹೊರಟಿತು. ಇಬ್ಬರೂ ಹಿಂದೆ ನಡೆದರು. ನಾಲ್ಕು ಮನೆ ದಾಟಿರಲಿಲ್ಲ, ಮಹಡಿಯ ಕಿಟಕಿಯಿಂದ ಹುಡುಗಿ ಫೋನಿಗೆ ಕೂಗುವುದು ಕೇಳಿಸಿತು. “ಬೇಗ ಬನ್ನಿ! ಅಜ್ಜಿ ಮಾತಾಡ್ತಿಲ್ಲ, ತುಟಿ ನೀಲಿಯಾಗಿದೆ!” ಹಿಂದೆಯೇ ತೋಳಿನವಳ ಚೀರಾಟ. ಈಗ ಅದರಲ್ಲಿ ಬೈಗುಳವಿರಲಿಲ್ಲ.

ದೊಡ್ಡ ರಸ್ತೆಯ ಶಾಲೆಯ ಬಳಿ ನಿಂತಿದ್ದ ಆಂಬುಲೆನ್ಸು ಅರಚಿಕೊಂಡು ಬೀದಿಗೆ ನುಗ್ಗಿ, ವ್ಯಾನಿನ ಮೂತಿಗೆ ಮೂತಿ ಕೊಟ್ಟು ನಿಂತಿತು. ಒಂದು ಗಾಡಿ ಹಿಡಿಸುವಷ್ಟೇ ಬೀದಿ.

“ಅವರೇ ಹಿಂದೆ ಹೋಗ್ಲಿ, ನಾನು ಅರ್ಧ ಬಂದಾಯ್ತು” ಎಂದ ಡ್ರೈವರು.

“ಅವರು ಹಿಂದೆ ಹೋದ್ರೆ ಅಜ್ಜಿ ಹತ್ರ ಬರೋರ್ಯಾರು? ನೀವೇ ತಗೊಳ್ಳಿ. ನಮ್ಮನೆ ಆಚೆ ತಿರುವಲ್ಲಿ ಜಾಗ ಇದೆ” ಎಂದಳು ಅವಳು.

ಮೈದುನ ಅವಳ ಸೆರಗು ಹಿಡಿದ. “ಹೊರಟವರನ್ನ ವಾಪಸ್ ತರ್ತಾರಾ ಅತ್ತಿಗೆ?”

ಅವಳು ಸೆರಗು ಬಿಡಿಸಿಕೊಂಡು ಗಾಡಿಯ ಹಿಂಬದಿಗೆ ಹೋದಳು. ಬಲಕ್ಕೆ ತೆರೆದ ಚರಂಡಿ, ಎಡಕ್ಕೆ ಮೆಟ್ಟಿಲುಗಳು. ನೋಡಿ ಹೇಳುವವರಿಲ್ಲದಿದ್ದರೆ ಚಕ್ರ ಇಳಿಯುವುದು ಖಂಡಿತ. ಹಿಂಬಾಗಿಲಿನ ಗಾಜಿಗೆ ಎದುರಾಗಿ ನಿಂತು, ಎರಡೂ ಕೈ ಎತ್ತಿ, ತಾನು ಹಿಂದಿಂದಕ್ಕೆ ಹೆಜ್ಜೆಯಿಡುತ್ತ ಕರೆಯತೊಡಗಿದಳು.

“ಬನ್ನಿ... ಬನ್ನಿ... ನಿಧಾನ. ಸ್ವಲ್ಪ ಈಚೆಗೆ... ಹಾಂ, ಬನ್ನಿ.”

ಗುಂಡಿಯವಳ ಮೆಟ್ಟಿಲು ದಾಟಿ, ಅವಳ ಸ್ವಂತ ಬಾಗಿಲು ದಾಟಿ, ಗಾಜಿನೊಳಗಿನ ಉದ್ದನೆಯ ಗಂಟು ಅವಳ ಕೈ ಬೀಸಿದತ್ತ, ಅವಳ ಮುಖದ ನೇರಕ್ಕೆ ಬರತೊಡಗಿತು.