ಕೊನೆಯ ಪದದಿಂದ ಓದುವ ಭಾವ

ನಮ್ಮ ಭಾವ ತಿಂಡಿಯ ಪೊಟ್ಟಣವನ್ನು ಎಂದೂ ಮೊದಲಿನಿಂದ ಓದಿದವರಲ್ಲ. ಕೊನೆಯ ಪದದಿಂದ ಹಿಂದಕ್ಕೆ, ಒಂದೊಂದೇ ಪದದ ಕೆಳಗೆ ಕೆಂಪು ಪೆನ್ಸಿಲಿನ ಮೊನೆಯಿಟ್ಟು, ತುಟಿಯೊಳಗೇ ಉಚ್ಚರಿಸುತ್ತ ಬರುತ್ತಾರೆ. ಅರ್ಥದ ಓಟಕ್ಕೆ ಸಿಕ್ಕ ಕಣ್ಣು ತಪ್ಪನ್ನು ದಾಟಿಹೋಗುತ್ತದೆ ಎಂಬುದು ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ಅವರು ಕಂಡುಕೊಂಡ ಸತ್ಯ. ಮೊಣಕೈ ಸವೆದ ಕಂದು ಕೋಟಿನಲ್ಲಿ, ಕೊಂಚ ಬಲಕ್ಕೆ ವಾಲಿ, ಕಪಾಟಿನ ಮುಂದೆ ಕಾಲು ಗಂಟೆ ನಿಂತವರನ್ನು ಕಂಡು ಅಂಗಡಿಯಾಕೆ ಒಮ್ಮೆ, "ಯಜಮಾನ್ರೇ, ಲೈಬ್ರರಿ ಪಕ್ಕದ ಬೀದೀಲಿದೆ" ಎಂದಳು. ಭಾವ ತಲೆಯೆತ್ತದೆ, "ಇರಲಿ, ಇನ್ನೊಂದು ಸಲ" ಎಂದರು. ದಿನಕ್ಕೆ ಹತ್ತು ಬಾರಿಯಾದರೂ ಅವರ ಬಾಯಿಂದ ಬರುವ ಮಾತು ಅದು.

ಇದು ಚಟವಲ್ಲ, ಭಯ. ನನ್ನಕ್ಕನಿಗೆ ಸೀಲಿಯಾಕ್ ಎಂಬ ಕಾಯಿಲೆ. ಗೋಧಿಯೊಳಗಿನ ಗ್ಲುಟೆನ್ ಎಂಬ ಅಂಟು ಚೂರು ಹೊಟ್ಟೆಗೆ ಹೋದರೂ ಕರುಳಿನ ಒಳಪದರ ಹಾಳಾಗುತ್ತದೆ. ಅದು ಗೊತ್ತಾದದ್ದು ಆಕೆಗೆ ಐವತ್ತು ದಾಟಿದ ಮೇಲೆ. ಅದಕ್ಕೆ ಮುಂಚಿನ ಇಪ್ಪತ್ತು ವರ್ಷ ಅಕ್ಕ ಬಿಳಿಚಿಕೊಂಡು, ಸೊರಗಿ ಕೂತಾಗಲೆಲ್ಲ ಭಾವ ತಾವೇ ಬ್ರೆಡ್ಡು ಕಾಯಿಸಿ ತಂದು, "ನಿಶ್ಶಕ್ತಿ ಕಣೇ, ಇನ್ನೊಂದು ತಿನ್ನು" ಎಂದು ಬಲವಂತ ಮಾಡುತ್ತಿದ್ದರು. ವೈದ್ಯೆ ಕಾರಣ ಹೇಳಿದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡು, "ನಾನೇ ತಿನ್ನಿಸಿದ್ದಲ್ವೇನೋ" ಎಂದರು.

ಅಂದಿನಿಂದ ಅಚ್ಚಾದ ಅಕ್ಷರವನ್ನು ಅವರು ನಂಬುವುದಿಲ್ಲ. "ಇದನ್ನೂ ನನ್ನಂಥೋನೊಬ್ಬ ತಿದ್ದಿರ್ತಾನೆ. ಊಟ ಆದ್ಮೇಲೆ ತೂಕಡಿಸ್ತಾ ನಾನು ಹೇಗೆ ತಿದ್ತಿದ್ದೆ ಅಂತ ನನಗೆ ಗೊತ್ತಿಲ್ವೆ?"

ಕಳೆದ ವರ್ಷ ಅಕ್ಕ ಹೊಸ ಬಗೆಯ ಬ್ರೆಡ್ಡೊಂದನ್ನು ತಂದಳು. ಮುಂಬದಿಯಲ್ಲಿ 'ಗ್ಲುಟೆನ್ ರಹಿತ' ಎಂದಿತ್ತು. ಹಿಂಬದಿಯ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ 'ಗೋಧಿ ಪಿಷ್ಟ'. ಭಾವನ ಪೆನ್ಸಿಲು ಅಲ್ಲೇ ನಿಂತಿತು. ಮುಖ ಬಿಳಿಚಿತಾದರೂ, ತಪ್ಪು ಸಿಕ್ಕಿಬಿತ್ತು ಎಂಬ ಹಳೆಯ ಕಸುಬಿನ ಹೆಮ್ಮೆ ಅದರಲ್ಲಿ ಇಲ್ಲದಿರಲಿಲ್ಲ. ಅಚ್ಚಿನ ಪ್ರಮಾದವನ್ನು ತಿಳಿಸಲು ತಯಾರಕರಿಗೆ ಫೋನು ಮಾಡಿದರು.

"ತಪ್ಪಲ್ಲ ಸಾರ್" ಎಂದಿತು ಅತ್ತಲಿನ ಹೆಣ್ಣುದನಿ. "ಗೋಧಿ ಹಿಟ್ಟು ತೊಳೆದೂ ತೊಳೆದೂ ಗ್ಲುಟೆನ್ ತೆಗೆದು ಉಳಿಸಿದ ಪಿಷ್ಟ ಅದು. ಕೇಜಿಗೆ ಇಪ್ಪತ್ತು ಮಿಲಿಗ್ರಾಂ ದಾಟಿಲ್ಲ ಅಂತ ಪರೀಕ್ಷೆ ಮಾಡಿರ್ತೀವಿ. ಆದ್ರೂ ಗೋಧಿಯಿಂದ ಬಂದಿದ್ದು ಅಂತ ಹೇಳಲೇಬೇಕು. ಎರಡೂ ಸರಿ."

"ಎರಡೂ ಹೇಗಮ್ಮಾ ಸರಿ?" ಎಂದು ಕೇಳಿದರು ಭಾವ.

ವೈದ್ಯೆಯೂ ತಿನ್ನಬಹುದೆಂದರು. ಗೋಧಿಯ ಸೋಂಕಿಲ್ಲದ, ಮುಟ್ಟಿದರೆ ಪುಡಿಯಾಗುವ ಬ್ರೆಡ್ಡನ್ನು ವರ್ಷಗಟ್ಟಲೆ ತಿಂದು ಅಕ್ಕನಿಗೆ ಸಾಕಾಗಿತ್ತು. "ಮೊದಲು ನಾನು ತಿಂದು ನೋಡ್ತೀನಿ" ಎಂದರು ಭಾವ. ಕಲ್ಲು ತಿಂದು ಕರಗಿಸುವ ಹೊಟ್ಟೆ ಅವರದು. ಅದರ ಸಾಕ್ಷ್ಯಕ್ಕೆ ಏನು ಬೆಲೆ? ಅಕ್ಕ ನಗಲಿಲ್ಲ.

"ರೀ, ಅವತ್ತು ಗೊತ್ತಿಲ್ದೆ ಕೊಟ್ರಿ. ಇವತ್ತು ಗೊತ್ತಿದ್ದು ಕೊಡಿ."

ಭಾವ ಎದ್ದು ಒಂದು ಚೂರು ಕಾಯಿಸಿ ತಂದರು. ತಟ್ಟೆಯನ್ನು ಮೇಜಿನ ಮೇಲಿಟ್ಟರೂ ಬೆರಳು ಅದರ ಅಂಚನ್ನು ಬಿಡಲಿಲ್ಲ. ಅಕ್ಕ ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ತಿಂದಳು. ಸಂಜೆಯವರೆಗೂ ಅವರು ಎದುರಿನ ಕುರ್ಚಿಯಲ್ಲೇ ಕುಳಿತು ಆಕೆಯ ಮುಖ ನೋಡುತ್ತಿದ್ದರು.

ಆರು ತಿಂಗಳ ಮೇಲೆ ರಕ್ತಪರೀಕ್ಷೆಯ ವರದಿ ಬಂತು. ದೋಷವಿರಲಿಲ್ಲ. ಭಾವ ಪೆನ್ಸಿಲು ತೆಗೆದು ಅದನ್ನೂ ಕೊನೆಯ ಪದದಿಂದ ಓದಿದರು. "ಇರಲಿ, ಇನ್ನೊಂದು ಸಲ."

ಒಮ್ಮೆ ಪ್ರೀತಿಯ ಕೈಯಿಂದಲೇ ಕೇಡಾದದ್ದನ್ನು ಕಂಡವರು ಮತ್ತೆ ನಿಶ್ಚಿಂತರಾಗಲಾರರು. ಅವರ ಪ್ರೀತಿ ಇನ್ನು ಮುಂದೆ ಅನುಮಾನದ ವೇಷದಲ್ಲೇ ಬರುತ್ತದೆ. ನಾವು ನಕ್ಕು ಅವರನ್ನು ದಾಟಿಹೋಗುತ್ತೇವೆ. ಆದರೆ ಅಕ್ಕ ಈಗ ಪೊಟ್ಟಣ ನೋಡದೆಯೇ ತುತ್ತೆತ್ತುತ್ತಾಳೆ. ಅವಳ ನಿಶ್ಚಿಂತೆಗೆ ಭಾವ ತಮ್ಮದನ್ನು ತೆತ್ತಿದ್ದಾರೆ.