ನಿಂತ ಕಾರಿನ ಬಾಡಿಗೆ

ಕಾಯಿಲೆಯ ಭಯಕ್ಕೆ ಊರಿಗೆಲ್ಲ ಬೀಗ ಬಿದ್ದು ಎರಡು ತಿಂಗಳಾಗಿತ್ತು. ನನ್ನ ಮಗ ಟ್ಯಾಕ್ಸಿ ಡ್ರೈವರ್. ಕಾರು ಮನೆ ಮುಂದೆ ನಿಂತ ದಿನದಿಂದ ಅವನ ಮಾತೂ ನಿಂತಿತ್ತು. ಹೊರಗಿನ ವರಾಂಡದಲ್ಲೇ ಮಲಗುವನು. ಸೊಸೆ ಬಾಗಿಲಲ್ಲಿಟ್ಟ ಊಟದಲ್ಲಿ ಅರ್ಧ ಉಂಡು ಏಳುವನು. ನಾನು ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುವನು. ನನ್ನ ಮೇಲೇನೋ ಸಿಟ್ಟು ಅಂದುಕೊಂಡು ನಾನೂ ಸುಮ್ಮನಿದ್ದೆ. ಆದರೆ ಅವನ ಕುತ್ತಿಗೆಯ ಮೂಳೆ ಎದ್ದು ಕಾಣತೊಡಗಿದಾಗ ಸುಮ್ಮನಿರಲು ಆಗಲಿಲ್ಲ.

ಗಾರೆ ಕೆಲಸ ಮಾಡಿಕೊಂಡು ಬದುಕಿದವನು ನಾನು. ನಮ್ಮ ಕಾಲದಲ್ಲಿ ಗಂಡಸು ಮಂಕಾದರೆ ಹೊಟ್ಟೆ ಕೆಟ್ಟಿದೆ ಅಂತಲೇ ಲೆಕ್ಕ. ಹರಳೆಣ್ಣೆ ಕುಡಿಸಿದರೆ ಬೇಜಾರು ಹೋಗುತ್ತಿತ್ತೋ ಇಲ್ಲವೋ, ಬೇಜಾರು ಮಾಡಿಕೊಳ್ಳಲು ಪುರುಸೊತ್ತಂತೂ ಸಿಗುತ್ತಿರಲಿಲ್ಲ.

ಬಾಟಲಿ ಹಿಡಿದು ಹೊರಟ ನನ್ನನ್ನು ಕಾಲೇಜು ಓದುವ ಮೊಮ್ಮಗ ತಡೆದ.

“ತಾತಾ, ಅದು ಹೊಟ್ಟೆ ಅಲ್ಲ. ಅಪ್ಪಂಗೆ ಡಿಪ್ರೆಶನ್.”

“ಅದು ಎಲ್ಲಿರತ್ತೆ?”

“ತಲೇಲಿ.”

“ಹಾಗಾದ್ರೆ ತಲೆಗೇ ಹಚ್ಚೋಣ.”

ಮೊಮ್ಮಗ ಹಣೆ ಚಚ್ಚಿಕೊಂಡು, ಫೋನಿನಲ್ಲೇ ಮಾತಾಡಿಸುವ ಮನಸ್ಸಿನ ಡಾಕ್ಟರಮ್ಮ ಒಬ್ಬರನ್ನು ಹುಡುಕಿದ. ಮಗ ಸಿಡುಕಿದ: “ನಂಗೇನು ತಲೆ ಕೆಟ್ಟಿದ್ಯಾ? ಗ್ಯಾಸು, ಅಷ್ಟೇ.”

“ಎರಡು ತಿಂಗಳಿಂದ ಒಂದೇ ಗ್ಯಾಸಾ ಅಪ್ಪಾ? ಸಿಲಿಂಡರೂ ಅಷ್ಟು ದಿನ ಬರಲ್ಲ!”

ಅಂತೂ ಫೋನು ಬಂತು. ಮಗ ಅದನ್ನು ಕಾದ ಪಾತ್ರೆಯ ಹಾಗೆ ಹಿಡಿದು ಕೂತ. ನಿದ್ದೆ ಬರುತ್ತಾ? ಹೂಂ. ಊಟ ಸೇರುತ್ತಾ? ಹೂಂ. ಏನಾದರೂ ಹೇಳಬೇಕು ಅನಿಸುತ್ತಾ? ಊಹೂಂ. ನಾಳೆ ಬೆಳಿಗ್ಗೆ ಮತ್ತೆ ಮಾಡುತ್ತೇನೆ ಎಂದು ಡಾಕ್ಟರಮ್ಮ ಇಟ್ಟುಬಿಟ್ಟರು.

ನನಗೆ ಹಳೆಯದೊಂದು ನೆನಪಾಯಿತು. ಇವನು ಎಂದೂ ಎದುರು ಕೂತು ಮಾತಾಡಿದವನಲ್ಲ. ಹುಡುಗಿಯೊಬ್ಬಳು ಇಷ್ಟವಾಗಿದ್ದಾಳೆ ಎಂಬುದೂ ನನಗೆ ಗೊತ್ತಾದದ್ದು ಅವನ ಕಾರಿನ ಹಿಂದಿನ ಸೀಟಿನಲ್ಲಿ. ನಡುದಾರಿಯಲ್ಲಿ ಹತ್ತಿದ ಗುರುತಿಲ್ಲದ ಪ್ಯಾಸೆಂಜರಿಗೆ ಕನ್ನಡಿಯಲ್ಲಿ ನೋಡುತ್ತ ಎಲ್ಲ ಹೇಳಿದ್ದ, ಹೆತ್ತಪ್ಪ ನಾನು ಪಕ್ಕದಲ್ಲೇ ಕೂತಿದ್ದೆ! ಸ್ಟೇರಿಂಗ್ ಕೈಗೆ ಸಿಕ್ಕರೆ ಮಾತ್ರ ಅವನಿಗೆ ಬಾಯಿ.

ಬ್ಯಾಟರಿ ಇಳಿಯಬಾರದೆಂದು ಅವನು ದಿನವೂ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುತ್ತಿದ್ದ. ಮರುದಿನ ಅದೇ ಹೊತ್ತಿಗೆ ಮಾಸ್ಕ್ ಹಾಕಿಕೊಂಡು ಹೋಗಿ ಹಿಂದೆ ಕೂತೆ.

“ಇಳೀರಿ ಅಪ್ಪಾ.”

“ಯಾಕೋ, ಖಾಲಿ ತಾನೇ?”

ಗೊಣಗುತ್ತ ನಾಲ್ಕೂ ಕಿಟಕಿ ಇಳಿಸಿದ. ಮೊಮ್ಮಗ ಬಂದು ಫೋನನ್ನು ಸ್ಟೇರಿಂಗ್ ಪಕ್ಕದ ಸ್ಟ್ಯಾಂಡಿಗೆ ಸಿಕ್ಕಿಸಿ ಹೋದ. ಡಾಕ್ಟರಮ್ಮನ ದನಿ ಕೇಳಿಸಿತು. ಮಗನ ಕೈ ತಾನಾಗಿ ಸ್ಟೇರಿಂಗಿಗೆ ಹೋಯಿತು, ಕಣ್ಣು ರಸ್ತೆಗೆ.

“ಮೇಡಂ, ಕೊನೇ ಬಾಡಿಗೆಯವನು ದಾರಿಯುದ್ದಕ್ಕೂ ಕೆಮ್ಮಿದ,” ಎಂದ. “ಮನೇಲಿ ಅಪ್ಪ ಇದಾರೆ, ವಯಸ್ಸಾಗಿದೆ. ನನ್ನಿಂದ ಅವರಿಗೆ ಅಂಟಿಬಿಟ್ರೆ? ಹೊರಗೆ ಮಲಗಿದ್ರೂ ಕಿವಿ ಒಳಗೇ ಇರತ್ತೆ. ಅವರು ಒಂದ್ಸಲ ಕೆಮ್ಮಿದ್ರೆ ಸಾಕು, ಜೀವ ಬಾಯಿಗೆ ಬರತ್ತೆ.”

ಇದು ಸಿಟ್ಟಲ್ಲ ಎಂದು ತಿಳಿದ ಆ ಗಳಿಗೆಯಲ್ಲೇ ನನ್ನ ಗಂಟಲು ಕೆರೆಯಬೇಕೇ! ಉಗುಳು ನುಂಗಿದೆ. ಉಸಿರು ಬಿಗಿ ಹಿಡಿದೆ. ಕಣ್ಣಲ್ಲಿ ನೀರು ಬಂತು. ಕನ್ನಡಿಯಲ್ಲಿ ನೋಡಿದ ಮಗ ನಾನು ಅಳುತ್ತಿದ್ದೇನೆ ಅಂದುಕೊಂಡ. ಅದೂ ಪೂರ್ತಿ ಸುಳ್ಳಲ್ಲ. ಕೊನೆಗೆ ತಡೆಯಲಾಗದೆ, ಗೋಡೆ ಕುಸಿದ ಹಾಗೆ ಕೆಮ್ಮಿದೆ.

ಮಗ ಗಕ್ಕನೆ ಬ್ರೇಕ್ ಒತ್ತಿದ. ನಿಂತ ಕಾರಿಗೆ!

“ಯಾರದು ಕೆಮ್ಮಿದ್ದು?” ಡಾಕ್ಟರಮ್ಮ ಕೇಳಿದರು.

“ಇವನ ಅಪ್ಪ ಕಣಮ್ಮಾ!” ನಾನೇ ಕೂಗಿದೆ. “ಇದು ಹಳೇ ಸಿಮೆಂಟ್ ಧೂಳು, ಇವನು ಹುಟ್ಟೋಕೆ ಮುಂಚೇದು.”

ಆಕೆ ನಕ್ಕಿದ್ದು ಕೇಳಿಸಿತು. “ಇಷ್ಟು ದಿನದಲ್ಲಿ ಮನೇಲಿ ಯಾರಿಗಾದ್ರೂ ಜ್ವರ ಬಂತಾ?”

“ಇಲ್ಲ ಮೇಡಂ,” ಎಂದ ಮಗ.

“ಮತ್ತೆ ಆ ಪ್ಯಾಸೆಂಜರನ್ನ ಇನ್ನೂ ಯಾಕೆ ಕೂರಿಸ್ಕೊಂಡು ಸುತ್ತುತಿದೀರಿ? ಇಳಿಸಿಬಿಡಿ. ಇವತ್ತು ಒಳಗೆ ಊಟ ಮಾಡಿ. ಮುಂದಿನ ವಾರ ಇದೇ ಕಾರಲ್ಲಿ ಮಾತಾಡೋಣ.”

ಫೋನು ಆರಿತು. ಮಗ ಇಂಜಿನ್ ಆರಿಸಿದ. ಆಮೇಲೆ ಕನ್ನಡಿಯನ್ನು ನನ್ನ ಮುಖಕ್ಕೆ ತಿರುಗಿಸಿದ.

“ಎಲ್ಲಿಗೆ ಹೋಗ್ಬೇಕು ಸಾರ್?”

“ಅಡುಗೆಮನೆಗೆ.”

“ಅಷ್ಟು ಹತ್ರಕ್ಕೆಲ್ಲ ಬರಲ್ಲ ಸಾರ್.”

ಹಾಗಂದವನು ನನಗಿಂತ ಮೊದಲೇ ಇಳಿದು ಬಂದು, ಬಾಗಿಲು ತೆಗೆದು, ನನ್ನ ರಟ್ಟೆ ಹಿಡಿದುಕೊಂಡ.